ಕೂಟಗಲ್ ಮಗ್ಗದ ಬಾಗಿಲು ಕಾಯುವ ನಿಖಾತ್

ಕೂಟಗಲ್ಲಿನಲ್ಲಿ ಇನ್ನೂ ಬೆಳಕು ಹರಿದಿಲ್ಲ. ಹಿಪ್ಪುನೇರಳೆ ತೋಟದ ಅಂಚಿಗಿರುವ ಶೀಟಿನ ಶೆಡ್ಡಿನ ಬೀಗ ತೆಗೆದು ನಿಖಾತ್ ಒಳಗೆ ಹೋಗುತ್ತಾರೆ. ನಾಲ್ಕು ಪವರ್‌ಲೂಮುಗಳು ಬಟ್ಟೆ ಹೊದ್ದು ನಿಂತಿವೆ. ಗೋಡೆಯ ಮೇಲೆ ಶೆಡ್ಡಿನ ಹಿಂದಿನ ಯಜಮಾನ, ತೀರಿಕೊಂಡ ಸಿದ್ದಯ್ಯನವರ ಫೋಟೋ. ಅದರ ಕೆಳಗಿನ ಗೂಡಿನಲ್ಲಿ ಹಳದಿ ಬಟ್ಟೆಯಲ್ಲಿ ಸುತ್ತಿಟ್ಟ ಒಂದು ಹಾರ್ಡ್ ಡಿಸ್ಕ್. ನಿಖಾತ್ ಬುರ್ಖಾದ ತೋಳು ಮಡಚಿಕೊಂಡು ಬಟ್ಟೆ ಬಿಚ್ಚುತ್ತಾರೆ, ಎರಡು ವೈರು ಸಿಕ್ಕಿಸುತ್ತಾರೆ, ಸ್ವಿಚ್ ಒತ್ತಿ ಡಿಸ್ಕನ್ನು ಕಿವಿಗೆ ಹಿಡಿಯುತ್ತಾರೆ. ಒಳಗಿನಿಂದ ಟಿಕ್, ಟಿಕ್ ಎಂದು ಸದ್ದು ಬರುತ್ತದೆ. ಸ್ವಲ್ಪ ಹೊತ್ತಿಗೆ ಅದೂ ನಿಲ್ಲುತ್ತದೆ. ಅವರು ವೈರು ಕಳಚಿ, ಡಿಸ್ಕನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿ ಗೂಡಿನಲ್ಲಿಡುತ್ತಾರೆ.

“ಆಗಲ್ಲ ಅಂತ ಗೊತ್ತು ಸಾರ್. ಬೆಂಗ್ಳೂರಿನ ಅಂಗ್ಡಿಯೋರು ಆಗ್ಲೇ ಕೈ ಆಡ್ಸಿ ಕಳ್ಸವ್ರೆ. ಆದ್ರೂ ಒಂದ್ಸಲ ನೋಡ್ದೆ ಕೆಲ್ಸ ಶುರು ಮಾಡಕ್ಕೆ ಮನಸ್ಸು ಬರಲ್ಲ.”

ಆ ಡಿಸ್ಕಿನೊಳಗೆ ಸಿದ್ದಯ್ಯ ತಮ್ಮ ಜೀವಮಾನದಲ್ಲಿ ಬರೆದ ಸೀರೆ ಡಿಸೈನುಗಳಿವೆ. ಅಂಚು, ಸೆರಗು, ಒಡಲಿನ ಬುಟ್ಟಾ, ಎಲ್ಲವೂ ಅದರಲ್ಲೇ. ಬೇರೆ ಎಲ್ಲೂ ಇಲ್ಲ. ಕಳೆದ ಆಯುಧಪೂಜೆಯ ಮಾರನೇ ದಿನದಿಂದ ಡಿಸ್ಕ್ ತಿರುಗುತ್ತಿಲ್ಲ. ಅದನ್ನು ಕೆಡಿಸಿದವರು ನಿಖಾತ್ ಎಂದು ರಾಮನಗರದಿಂದ ಕನಕಪುರದವರೆಗಿನ ಮಗ್ಗದ ಶೆಡ್ಡುಗಳಲ್ಲಿ ಸುದ್ದಿಯಾಗಿದೆ. ನಿಖಾತ್ ಅದನ್ನು ಅಲ್ಲಗಳೆದಿಲ್ಲ.

ನಾನೋ ಸೂರ್ಯವಂಶದವನು. ಕೊರೆಯುವ ಚಳಿಯಲ್ಲಿ ಅವರ ಸ್ಕೂಟಿಯ ಹಿಂದೆ ಬೈಕು ಓಡಿಸಿಕೊಂಡು ಬರುವಾಗ ದಾರಿಯುದ್ದಕ್ಕೂ ಸಂಪಾದಕರನ್ನು ಬೈದುಕೊಂಡೇ ಬಂದಿದ್ದೇನೆ. ನಮ್ಮ ಪತ್ರಿಕೆಯ ಕಚೇರಿಗೆ ಯಾರೋ ವಯಸ್ಸಾದ ಹೆಂಗಸು ಫೋನ್ ಮಾಡಿ, ಕೂಟಗಲ್ಲಿಗೆ ಬಂದು ಈ ಹೆಣ್ಣುಮಗಳ ಬಗ್ಗೆ ಬರೆಯಿರಿ ಎಂದಿದ್ದರಂತೆ. ಹೆಸರು ಹೇಳಿರಲಿಲ್ಲ. ಇಷ್ಟು ಬೆಳಿಗ್ಗೆಯೇ ಏಕೆ ಬರಬೇಕು, ಕಂಪ್ಯೂಟರ್ ಕೆಲಸವನ್ನು ತಿಂಡಿ ತಿಂದಮೇಲೆ ಮಾಡಲಾಗದೇ ಎಂದು ನಿಖಾತರನ್ನು ಕೇಳಿದರೆ ಅವರು ನಗುತ್ತಾರೆ. ಆಗುವುದಿಲ್ಲವಂತೆ. ಅದಕ್ಕೆ ಕಾರಣವಿದೆ.

ಶೆಡ್ಡಿನ ನಾಲ್ಕು ಮಗ್ಗಗಳಲ್ಲಿ ಒಂದರ ನೆತ್ತಿಯ ಮೇಲೆ ದೊಡ್ಡ ಪೆಟ್ಟಿಗೆ ಕೂತಿದೆ. ಯಾವ ಎಳೆ ಮೇಲೇಳಬೇಕು, ಯಾವುದು ಕೆಳಗಿರಬೇಕು ಎಂದು ಆ ಪೆಟ್ಟಿಗೆ ತೀರ್ಮಾನಿಸುತ್ತದೆ. ಅದಕ್ಕೆ ಹೇಳಿಕೊಡುವುದು ಪಕ್ಕದ ಟೇಬಲ್ಲಿನ ಕಂಪ್ಯೂಟರ್. ಅದು ಮಂಚದ ಕಾಲಿನಷ್ಟು ಹಳೆಯದು. ಒಳಗಿರುವುದು ಡಾಸ್, ಅಂದರೆ ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ ಮೂಡುತ್ತಿದ್ದ ಕಾಲದ್ದು. ಎಲ್ಲೋ ಮುಚ್ಚಿಹೋದ ಮಿಲ್ಲಿನಿಂದ ಸಿದ್ದಯ್ಯ ಮಗ್ಗದ ಪೆಟ್ಟಿಗೆ ತಂದಾಗ ಜೊತೆಗೆ ಬಂದದ್ದು. ಪೆಟ್ಟಿಗೆ ಮಾಡಿದ ಕಂಪನಿ ಬಾಗಿಲು ಹಾಕಿದೆ. ಹೊಸ ಕಂಪ್ಯೂಟರ್ ತಂದು ಜೋಡಿಸಿದರೆ ಆ ಪೆಟ್ಟಿಗೆ ಅದರ ಮಾತು ಕೇಳುವುದಿಲ್ಲ.

ಮೊದಲು ಡಿಸೈನುಗಳು ಫ್ಲಾಪಿಯಲ್ಲಿ ಹೋಗುತ್ತಿದ್ದವು. ಫ್ಲಾಪಿಗಳಿಗೆ ಬೂಷ್ಟು ಹಿಡಿಯಿತು, ಹೊಸದು ಸಿಗದಾಯಿತು. ಆಗ ಚನ್ನಪಟ್ಟಣದ ಒಂದು ಡಿಸೈನ್ ಸೆಂಟರಿನಲ್ಲಿ ಕೆಲಸಕ್ಕಿದ್ದ ನಿಖಾತ್, ವೈರಿನಲ್ಲಿ ಬಂದ ಫೈಲನ್ನು ಒಳಗೆ ಬಿಟ್ಟುಕೊಳ್ಳುವ, ಡಾಸ್ ಮೇಲೆ ಓಡುವ ಪುಟ್ಟ ಫೈಲ್ ಸರ್ವರ್ ಒಂದನ್ನು ಹುಡುಕಿ ತಂದರು. ಯಾವುದೋ ದೇಶದ ಯಾರೋ ಪುಣ್ಯಾತ್ಮ ಬರೆದು ಪುಕ್ಕಟೆ ಬಿಟ್ಟಿದ್ದ ಪ್ರೋಗ್ರಾಮು. ನನ್ನ ಫೋನಿನ ಒಂದು ಫೋಟೋ ಕೂರುವ ಜಾಗದಲ್ಲಿ ಅಂಥ ಹತ್ತಾರು ಕೂರುತ್ತವೆ. ಗುಜರಿಯಿಂದ ಒಂದು ನೆಟ್‌ವರ್ಕ್ ಕಾರ್ಡ್ ತಂದು ಹಾಕಿ, ತಮ್ಮ ಲ್ಯಾಪ್‌ಟಾಪಿನಿಂದ ಅದಕ್ಕೆ ವೈರು ಎಳೆದು, ಡಿಸೈನನ್ನು ಸೀದಾ ಒಳಗೆ ಕಳಿಸಿದರು. ಅದನ್ನು ನಿಖಾತ್ ಸರ್ವರ್ ಎನ್ನುವುದಿಲ್ಲ, ಬಾಗಿಲು ಎನ್ನುತ್ತಾರೆ. “ಬಾಗ್ಲು ತೆಗೀತೀನಿ” ಎಂದರೆ ಪ್ರೋಗ್ರಾಮು ಶುರುಮಾಡುವುದು ಎಂದು ಅರ್ಥ.

ಡಾಸ್ ಬಡಪಾಯಿ. ಒಂದು ಸಲಕ್ಕೆ ಒಂದೇ ಕೆಲಸ ಅದಕ್ಕೆ ಬರುವುದು. ಮಗ್ಗ ಓಡಿಸುತ್ತಿದ್ದರೆ ಬಾಗಿಲು ತೆಗೆಯಲಾರದು, ಬಾಗಿಲು ತೆಗೆದಿದ್ದರೆ ಮಗ್ಗ ಓಡಿಸಲಾರದು. ಹಾಗಾಗಿ ನೇಯುವವರು ಬರುವುದಕ್ಕೆ ಮೊದಲೇ ಹೋಗಿ, ಡಿಸೈನು ಇಳಿಸಿ, ಬಾಗಿಲು ಮುಚ್ಚಿ, ಮಗ್ಗಕ್ಕೆ ಒಪ್ಪಿಸಿ ಹೊರಡಬೇಕು. ಇದೇ ನಿಖಾತರ ಕೆಲಸ. ಮಾಗಡಿ ಕಡೆ ಒಂದೆರಡು ಶೆಡ್ಡು, ಚನ್ನಪಟ್ಟಣದಲ್ಲಿ ಕೆಲವು, ಕನಕಪುರದಲ್ಲಿ ಕೆಲವು. ಒಂದೊಂದು ದಿನ ಒಂದೊಂದು ದಿಕ್ಕು. ಅಂಥ ಹಳೇ ಪೆಟ್ಟಿಗೆ ಇಟ್ಟುಕೊಂಡು ಹೊಸದು ಕೊಳ್ಳಲಾಗದ ಎಲ್ಲರಿಗೂ ಅವರೇ ಬೇಕಾಗಿತ್ತು. ಆಗಿತ್ತು ಎಂದೇ ಬರೆಯಬೇಕು. ಈಗ ಕರೆಯುವವರು ಕೂಟಗಲ್ಲಿನವರನ್ನು ಬಿಟ್ಟರೆ ಮಾಗಡಿ ರಸ್ತೆಯ ಒಬ್ಬರು ಮಾತ್ರ.

ನಿಖಾತ್ ರಾಮನಗರದವರು, ರೇಷ್ಮೆ ಗೂಡಿನಿಂದ ನೂಲು ಬಿಚ್ಚುವ ರೀಲರ್ ಮನೆತನದವರು. ಬಿಸಿನೀರಿನಲ್ಲಿ ಗೂಡು ಬೇಯುವ ವಾಸನೆಯಲ್ಲೇ ಬೆಳೆದವರು. ಪಿಯುಸಿ ಆದಮೇಲೆ ಊರಿನ ಕಂಪ್ಯೂಟರ್ ಕ್ಲಾಸಿಗೆ ಸೇರಿದರು. ಬೇರೆ ಕಡೆ ಹೊಸದು ಬಂದಿದ್ದರೂ ಅಲ್ಲಿ ಇನ್ನೂ ಡಾಸನ್ನೇ ಕಲಿಸುತ್ತಿದ್ದರಂತೆ. ಕಾಸು ಕೊಟ್ಟು ಹಳಸಲು ತಿಂದೆ ಎಂದು ಆಗ ಅತ್ತಿದ್ದರು, ಈಗ ಅದೇ ಅನ್ನ ಕೊಡುತ್ತಿದೆ. ಗಂಡ ಬಾಬಾಜಾನ್ ಕೂಡ ರೀಲರ್. ಹೊಗೆ, ಹಬೆ ಕುಡಿದೂ ಕುಡಿದೂ ಅವರ ಶ್ವಾಸಕೋಶ ಕೆಟ್ಟಿದೆ. ಈಗ ಮಂಚದ ಪಕ್ಕ ಆಕ್ಸಿಜನ್ ಮೆಷಿನ್ ಇದೆ. ಕರೆಂಟು ಹೋದರೆ ನಿಖಾತ್ ಎಲ್ಲಿದ್ದರೂ ಮನೆಗೆ ಫೋನ್ ಮಾಡುತ್ತಾರೆ.

ಸಿದ್ದಯ್ಯನವರದು ಬೇರೆಯೇ ಕಥೆ. ಹೊಲ ಇತ್ತು, ರೇಷ್ಮೆ ಹುಳ ಸಾಕುತ್ತಿದ್ದರು, ಅದರ ಜೊತೆಗೆ ಮಗ್ಗದ ಹುಚ್ಚು. ಗ್ರಾಫ್ ಹಾಳೆಯಲ್ಲಿ ತಾವೇ ಚೌಕ ತುಂಬಿ ಡಿಸೈನು ಬರೆಯುತ್ತಿದ್ದರು. ಹುಳ ಗೂಡು ಕಟ್ಟುವ ಬಿದಿರಿನ ಚಂದ್ರಿಕೆಯ ಸುರುಳಿ ಅವರ ಕೈಯಲ್ಲಿ ಸೀರೆಯ ಅಂಚಾಯಿತು. ರಾಗಿ ತೆನೆ ಸೆರಗಾಯಿತು. ಒಮ್ಮೆ ಅವರ ಗ್ರಾಫ್ ಹಾಳೆಯನ್ನು ಯಾರೋ ಎಗರಿಸಿ, ಅವರು ನೇಯುವುದಕ್ಕೆ ಮೊದಲೇ ಬೇರೆ ಊರಿನಲ್ಲಿ ಅದೇ ಅಂಚು ನೇಯ್ದು ಮಾರಿಬಿಟ್ಟರು. ಅಲ್ಲಿಂದ ಮುಂದೆ ಸಿದ್ದಯ್ಯ ಯಾರನ್ನೂ ನಂಬಲಿಲ್ಲ.

ನಿಖಾತರನ್ನು ಕರೆಸಿಕೊಂಡರೂ ಅವರದೊಂದು ಕಟ್ಟಳೆ ಇತ್ತು. ನಿಖಾತ್ ಗ್ರಾಫ್ ನೋಡಿಕೊಂಡು ಲ್ಯಾಪ್‌ಟಾಪಿನಲ್ಲಿ ಡಿಸೈನು ಕೂರಿಸುವಾಗ ಯಜಮಾನರು ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ಕೂರುತ್ತಿದ್ದರು. ಬಾಗಿಲು ತೆಗೆದು ಒಳಗೆ ಕಳಿಸಿದ ಕೂಡಲೇ ಲ್ಯಾಪ್‌ಟಾಪಿನಲ್ಲಿ ಇರುವುದನ್ನು ಅವರ ಕಣ್ಣೆದುರೇ ಅಳಿಸಬೇಕು. ಗ್ರಾಫ್ ಹಾಳೆ ಸೀದಾ ನೀರೊಲೆಗೆ. ಸರ್ವರಿನಲ್ಲಿ ಹಾಕುವುದಕ್ಕೆ ಅನುಮತಿ ಬೇರೆ, ತೆಗೆಯುವುದಕ್ಕೆ ಬೇರೆ. ತೆಗೆಯುವ ಅನುಮತಿಯನ್ನು ಮುಚ್ಚಿಸಿದರು. ಒಳಕ್ಕೆ ಹೋದ ಡಿಸೈನು ಹೊರಕ್ಕೆ ಬರುವ ಹಾಗಿಲ್ಲ. ನಿಖಾತ್ ಮನಸ್ಸು ಮಾಡಿದ್ದರೆ ಆ ತಡೆಯನ್ನು ಬಿಚ್ಚಿ, ಎಲ್ಲವನ್ನೂ ಎಳೆದುಕೊಂಡು, ಮತ್ತೆ ಮುಚ್ಚಿಟ್ಟು ಮನೆಗೆ ಹೋಗಬಹುದಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹಾಗೆ ಮಾಡಿ ತಂದುಕೊಡಿ ಎಂದು ಆಸೆ ತೋರಿಸಿದವರೂ ಇದ್ದರು. ಅವರು ಯಾರು ಎಂದು ಕೇಳಿದರೆ ನಿಖಾತ್ ಮಾತು ತಪ್ಪಿಸುತ್ತಾರೆ.

ಇನ್ನೊಂದು ಕಟ್ಟಳೆ ಆಯುಧಪೂಜೆಯದು. ಅವತ್ತು ಶೆಡ್ಡಿನಲ್ಲಿ ಒಂದು ಚಕ್ರವೂ ತಿರುಗಕೂಡದು. ಮಗ್ಗ ತೊಳೆದು, ಬಾಳೆಕಂದು ಕಟ್ಟಿ, ಬೂದುಗುಂಬಳ ಒಡೆದು, ಕಂಪ್ಯೂಟರಿಗೂ ಅರಿಶಿನ ಕುಂಕುಮ ಇಟ್ಟು ಸೇವಂತಿಗೆ ಸುತ್ತುತ್ತಾರೆ. ಆದರೆ ಆ ಡಿಸ್ಕಿಗೆ ವಯಸ್ಸಾಗಿತ್ತು. ಓಡುತ್ತಿರುವವರೆಗೆ ಸರಿ, ಒಮ್ಮೆ ತಣ್ಣಗಾದರೆ ಒಳಗಿನ ತಟ್ಟೆಗೆ ಅದರ ಮುಳ್ಳು ಅಂಟಿಕೊಂಡು ಮತ್ತೆ ಏಳುತ್ತದೋ ಇಲ್ಲವೋ ಎಂಬ ಸ್ಥಿತಿ. ಅದಕ್ಕೇ ಯುಪಿಎಸ್ ಹಾಕಿ ವರ್ಷವಿಡೀ ಆರದ ಹಾಗೆ ನೋಡಿಕೊಳ್ಳುತ್ತಿದ್ದರು. ಮೊದಲ ವರ್ಷವೇ ನಿಖಾತ್ ಇದನ್ನು ಸಿದ್ದಯ್ಯನವರಿಗೆ ಹೇಳಿದರು. ಅವರಿಗೆ ಸಿಟ್ಟು ಬಂತು. ದೇವಿಗಾಗಿ ಒಂದು ದಿನ ನಿಲ್ಲಲಾರದ ವಸ್ತು ನನ್ನ ಶೆಡ್ಡಿನಲ್ಲಿ ಬೇಡ, ತೆಗೆದು ತಿಪ್ಪೆಗೆ ಎಸೆ ಎಂದುಬಿಟ್ಟರು.

ನಿಖಾತ್ ಮತ್ತೆ ಆ ಮಾತು ಎತ್ತಲಿಲ್ಲ. ಆ ವರ್ಷದಿಂದಲೇ ಪ್ರತಿ ಆಯುಧಪೂಜೆಗೂ ತಪ್ಪದೆ ಬಂದರು. ಎಲ್ಲರೆದುರು ಪರದೆ ಮಾತ್ರ ಆರಿಸಿ, ಟೇಬಲ್ಲಿನ ಕೆಳಗಿನ ಕಂಪ್ಯೂಟರ್ ಪೆಟ್ಟಿಗೆಗೆ ಹೊಸ ಬಟ್ಟೆ ಹೊದಿಸಿ ನಿಲ್ಲುತ್ತಿದ್ದರು. ಗುಂಯ್ ಎನ್ನುವ ಸದ್ದು ಎಲ್ಲಿಂದ ಎಂದು ಯಾರಾದರೂ ಕೇಳಿದರೆ ಯುಪಿಎಸ್ಸಿನದು ಎನ್ನುತ್ತಿದ್ದರು. ಪೂಜೆ ಆಗುತ್ತಿತ್ತು, ಪೆಟ್ಟಿಗೆ ಬಟ್ಟೆಯೊಳಗೆ ಓಡುತ್ತಲೇ ಇತ್ತು. ಸಿದ್ದಯ್ಯ ಮೂರು ವರ್ಷದ ಹಿಂದೆ ತೀರಿಕೊಂಡರು. ಆಗಲೂ ಅವರ ಮನಸ್ಸಿನಲ್ಲಿ ತಮ್ಮ ಯಂತ್ರ ವರ್ಷಕ್ಕೊಂದು ದಿನ ವಿಶ್ರಾಂತಿ ಪಡೆಯುತ್ತಿದೆ ಎಂದೇ ಇತ್ತು. ಅವರು ಹೋದ ಮೇಲೂ ನಿಖಾತ್ ಈ ಗುಟ್ಟನ್ನು ಮನೆಯವರಿಗೆ ಬಿಟ್ಟುಕೊಡಲಿಲ್ಲ, ಕಾಪಿಯನ್ನೂ ಮಾಡಿಕೊಳ್ಳಲಿಲ್ಲ.

ಕಳೆದ ಆಯುಧಪೂಜೆಗೆ ನಿಖಾತ್ ಬರಲಾಗಲಿಲ್ಲ. ಹಿಂದಿನ ದಿನ ಬಂದು ಮದುವೆ ಕಾಲದ ಸೀರೆಗಳಿಗೆ ಬೇಕಾದ ತಯಾರಿ ಮಾಡಿ, ಪರದೆ ಆರಿಸಿ, ಬಟ್ಟೆ ಹೊದಿಸಿ ಹೋಗಿದ್ದರು. ಬೆಳಗಾಗುವಷ್ಟರಲ್ಲಿ ಬಾಬಾಜಾನರಿಗೆ ಉಸಿರು ಕಟ್ಟಿ ಆಸ್ಪತ್ರೆಗೆ ಸೇರಿಸಬೇಕಾಯಿತು. ವಿಜಯದಶಮಿಯ ದಿನ ಸಿದ್ದಯ್ಯನವರ ಮಗ ನಟರಾಜು ಮಗ್ಗ ಶುರುಮಾಡಲು ಹೋದರೆ ಕಪ್ಪು ಪರದೆ, ಕೆಳಗಡೆ ಟಿಕ್ ಟಿಕ್. ಫೋನ್ ಬಂದ ಕೂಡಲೇ ನಿಖಾತ್ ಆಸ್ಪತ್ರೆಯಿಂದ ಸೀದಾ ಓಡಿಬಂದರು. ಸ್ಕ್ರೂಡ್ರೈವರಿನ ಹಿಡಿಯಿಂದ ಮೆಲ್ಲಗೆ ತಟ್ಟಿ ನೋಡಿದರು, ಬೆಚ್ಚಗೆ ಮಾಡಿ ನೋಡಿದರು. ಡಿಸ್ಕ್ ಏಳಲಿಲ್ಲ.

ಹಬ್ಬಕ್ಕೆ ಮೊದಲು ಕೊನೆಯದಾಗಿ ಕಂಪ್ಯೂಟರ್ ಮುಟ್ಟಿದವರು ನಿಖಾತ್. ಅವರೇ ಏನೋ ಮಾಡಿರಬೇಕು ಎಂದು ನಟರಾಜು ತೀರ್ಮಾನಿಸಿದರು. ನಿಖಾತ್ “ನಂದೇ ತಪ್ಪು” ಎಂದು ತಲೆ ತಗ್ಗಿಸಿದರಂತೆ.

ಆಮೇಲಿನದು ಇನ್ನೂ ಕಷ್ಟದ್ದು. ವಾರ ಕಳೆದ ಮೇಲೆ ನಟರಾಜು ರಾಮನಗರದ ಅವರ ಮನೆಗೇ ಬಂದರು. ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು ಟೀ ಕುಡಿದರು, ಬಾಬಾಜಾನರ ಆರೋಗ್ಯ ವಿಚಾರಿಸಿದರು. ಆಮೇಲೆ ದನಿ ತಗ್ಗಿಸಿ ಹೇಳಿದ್ದನ್ನು ನಿಖಾತ್ ಈಗಲೂ ಅಕ್ಷರಕ್ಕೆ ಅಕ್ಷರ ನೆನಪಿಟ್ಟಿದ್ದಾರೆ.

“ಅಕ್ಕ, ನಮ್ಮಪ್ಪಂಗೆ ಗೊತ್ತಿಲ್ದಂಗೆ ಒಂದ್ ಕಾಪಿ ಕದ್ದು ಮಡೀಕಂಡಿದ್ರೆ ಹೇಳ್ಬುಡಿ. ನಾನೇನೂ ಅನ್ನಕಿಲ್ಲ. ಕೈ ಮುಗೀತೀನಿ.”

ಇಲ್ಲ ಎಂದರು ನಿಖಾತ್. ನಟರಾಜು ಇನ್ನೊಮ್ಮೆ ಕೇಳಿದರು. ಮತ್ತೆ ಇಲ್ಲ ಎಂದರು. ಇದನ್ನು ನನಗೆ ಹೇಳುವಾಗ ಅವರ ಕಣ್ಣು ತುಂಬುತ್ತದೆ. ಮನೆಗೆ ಬಂದವರು ನೀನು ಕಳ್ಳಿಯಾಗಿರಲಿ ಎಂದು ಕೈಮುಗಿದು ಬೇಡಿಕೊಂಡರು, ಕೊಡುವುದಕ್ಕೆ ತಮ್ಮ ಹತ್ತಿರ ಏನೂ ಇರಲಿಲ್ಲ ಎನ್ನುತ್ತಾರೆ. ನಟರಾಜು ನಂಬಲಿಲ್ಲ. ಇಟ್ಟುಕೊಂಡೂ ಕೊಡುತ್ತಿಲ್ಲ, ಬೇರೆಯವರಿಗೆ ಮಾರಲು ಕೂತಿದ್ದಾರೆ ಎಂಬ ಮಾತು ಹಬ್ಬಿತು. ಒಂದೊಂದೇ ಶೆಡ್ಡಿನವರು ಫೋನ್ ಎತ್ತುವುದನ್ನು ಬಿಟ್ಟರು. ಹಿಂದೆ ಕದ್ದು ತಂದುಕೊಡಿ ಎಂದು ಆಸೆ ತೋರಿಸಿದ್ದವರೇ ಈಗ ಅವಳು ಕಳ್ಳಿ ಎನ್ನುತ್ತಿದ್ದಾರೆ ಎಂದು ಕೇಳಿದಾಗ ನನಗೆ ಮೈಯೆಲ್ಲ ಉರಿದುಹೋಯಿತು. ನಿಖಾತರಿಗೆ ಉರಿಯುತ್ತದೋ ಇಲ್ಲವೋ ತಿಳಿಯದು. ಅವರು ಗುಜರಿ ಶುಕೂರ್ ಅವರ ಅಂಗಡಿಯಲ್ಲಿ ಬೇರೊಂದು ಹಳೇ ಡಿಸ್ಕ್ ಹುಡುಕಿ, ಮಗ್ಗದ ಪ್ರೋಗ್ರಾಮನ್ನೂ ಬಾಗಿಲನ್ನೂ ತಾವು ಜೋಪಾನ ಮಾಡಿಟ್ಟಿದ್ದ ಒಂದೆರಡು ಫ್ಲಾಪಿಗಳಿಂದ ಅದಕ್ಕೆ ಇಳಿಸಿ, ಕೂಟಗಲ್ಲಿನ ಕಂಪ್ಯೂಟರ್ ಎಬ್ಬಿಸಿಕೊಟ್ಟರು. ಆ ಕೆಲಸ ಬಲ್ಲವರು ಬೇರೆ ಇಲ್ಲದ್ದರಿಂದ ನಟರಾಜು ಬೇಡವೆನ್ನಲಿಲ್ಲ. ಮಗ್ಗ ಓಡಿತು. ಆದರೆ ನೇಯುವುದು ಯಾರದೋ ಮಾವಿನಕಾಯಿ ಅಂಚು, ಎಲ್ಲಾ ಅಂಗಡಿಯಲ್ಲೂ ಸಿಗುವಂಥದ್ದು. ಕೂಟಗಲ್ ಸೀರೆ ಎಂದು ಹುಡುಕಿಕೊಂಡು ಬರುತ್ತಿದ್ದವರು ನೋಡಿ ವಾಪಸ್ ಹೋಗುತ್ತಿದ್ದಾರೆ.

ಅಷ್ಟು ಹೊತ್ತಿಗೆ ಬೆಳಕು ಹರಿಯುತ್ತದೆ. ಸಿದ್ದಯ್ಯನವರ ಹೆಂಡತಿ ಕಾವೇರಮ್ಮ ಎರಡು ಲೋಟ ಕಾಫಿ ಹಿಡಿದುಕೊಂಡು ಶೆಡ್ಡಿಗೆ ಬರುತ್ತಾರೆ. ಕಾಫಿ ಕೊಟ್ಟು, ನೆಲದ ಮೇಲೆ ಕೂತು, ಪೇಪರಿನವರು ನೀವೇನಾ ಎನ್ನುತ್ತಾರೆ. ದನಿ ಕೇಳಿದ ಕೂಡಲೇ ಗೊತ್ತಾಗುತ್ತದೆ, ಕಚೇರಿಗೆ ಫೋನ್ ಮಾಡಿದ್ದು ಇವರೇ.

ನಿಖಾತ್ ಎದ್ದು ಹೊರಗೆ ಹೋಗಲು ನೋಡುತ್ತಾರೆ. ಕಾವೇರಮ್ಮ ಕೈಹಿಡಿದು ಕೂರಿಸುತ್ತಾರೆ.

“ಪೂಜೆ ಆದ್ಮೇಲೂ ಕೆಳಗಡೆ ಬಟ್ಟೆ ಸಂದೀಲಿ ಹಸ್ರು ಲೈಟು ಮಿಣಮಿಣ ಅಂತಿತ್ತು. ಅಯ್ಯೋ, ವರ್ಸವೆಲ್ಲ ದುಡೀತದೆ, ಇವತ್ತೊಂದಿನನಾದ್ರೂ ಮನೀಕಳ್ಳಿ ಅಂತ ನಾನೇ ಸ್ವಿಚ್ಚು ಆರಿಸ್ದೆ. ಕೈಲಿ ಕುಂಕುಮ ಇತ್ತು.”

ಸ್ವಿಚ್ಚಿನ ಮೇಲೆ ಅವರ ಬೆರಳಿನ ಗುರುತು ಕೆಂಪಗೆ ಉಳಿದಿತ್ತು. ಮಾರನೇ ದಿನ ಓಡಿಬಂದ ನಿಖಾತ್ ಟೇಬಲ್ಲಿನ ಕೆಳಗೆ ಬಗ್ಗಿದಾಗ ಮೊದಲು ಕಂಡದ್ದೇ ಅದು. ಏನಾಗಿದೆ, ಯಾರಿಂದ ಆಗಿದೆ ಎಂದು ಆ ಕ್ಷಣವೇ ತಿಳಿಯಿತು. ನಟರಾಜು ಬಗ್ಗಿ ನೋಡುವ ಮೊದಲೇ ದುಪಟ್ಟಾದ ತುದಿಯಿಂದ ಅದನ್ನು ಒರೆಸಿಬಿಟ್ಟರು. ಬಾಗಿಲ ಬಳಿ ನಿಂತಿದ್ದ ಕಾವೇರಮ್ಮ ಒರೆಸುವುದನ್ನು ನೋಡಿದರು.

“ಹಬ್ಬದ ಕುಂಕುಮವ ಒರಸ್ತಾವ್ಳಲ್ಲ ಅಂತ ಎದೆಗೆ ಒದ್ದಂಗಾಯ್ತು ನಂಗೆ. ಇವ್ರ ಜಾತಿಗೆ ಆಗಾಕಿಲ್ವೇನೋ, ಇಷ್ಟು ದಿನ ನಾಟ್ಕ ಆಡಿದ್ಲೇನೋ ಅಂದ್ಕಂಡೆ. ಮೂರು ತಿಂಗ್ಳು ಮೊಕ ಕೊಟ್ಟು ಮಾತಾಡ್ಸಲಿಲ್ಲ. ಒಂದ್ ಲೋಟ ನೀರೂ ಕೊಡ್ಲಿಲ್ಲ ಕಣಪ್ಪ.”

ಕಾವೇರಮ್ಮ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಾರೆ. ಉಳಿದದ್ದನ್ನು ತಡೆತಡೆದು ಹೇಳುತ್ತಾರೆ. ಸಂಕ್ರಾಂತಿಗೆ ಶೆಡ್ಡು ತೊಳೆಯಲೆಂದು ನಟರಾಜು ಕಂಪ್ಯೂಟರ್ ಆರಿಸಲು ಹೋದರು. ಅಲ್ಲೇ ಇದ್ದ ನಿಖಾತ್ ಓಡಿಹೋಗಿ ಅವರ ಕೈ ಹಿಡಿದರು. ಇದೂ ಹಳೇ ಡಿಸ್ಕು, ಆರಿಸಿದರೆ ಮತ್ತೆ ಏಳುವುದಿಲ್ಲ ಎಂದರು. ಹಾಗಾದರೆ ಇಷ್ಟು ವರ್ಷ ಆಯುಧಪೂಜೆಗೆ ಆರಿಸುತ್ತಿದ್ದುದು ಹೇಗೆ ಎಂದು ಕಾವೇರಮ್ಮ ಕೇಳಿದರು. ನಿಖಾತ್ ಪೊರಕೆ ಎತ್ತಿಕೊಂಡು ನೆಲ ಗುಡಿಸತೊಡಗಿದರು. ಆ ಸಂಜೆಯೆಲ್ಲ ಕಾವೇರಮ್ಮ ಎಳ್ಳು ಬೀರುವುದನ್ನೂ ಬಿಟ್ಟು ಜಗಲಿಯ ಮೇಲೆ ಕೂತರಂತೆ. ಹಸಿರು ಲೈಟು, ಸ್ವಿಚ್ಚು, ಬೆರಳು, ಕುಂಕುಮ, ಎಲ್ಲಾ ಒಂದೊಂದಾಗಿ ಜೋಡಿಕೊಂಡಿತು. ಗಂಡ ಕೈಯಾರೆ ಬರೆದಿಟ್ಟಿದ್ದನ್ನು ಅಳಿಸಿದ್ದು ತಮ್ಮ ಕೈ ಎಂದು ತಮಗೆ ತಿಳಿಯದಿರಲಿ ಎಂದೇ ಈ ಹೆಣ್ಣುಮಗಳು ಕಳ್ಳಿ ಅನ್ನಿಸಿಕೊಂಡು ಓಡಾಡುತ್ತಿದ್ದಾಳೆ ಎಂದು ಅರಿವಾಯಿತು.

“ಸ್ವಿಚ್ಚು ಆರಿಸಿದ್ ಬೆಳ್ಳು ನಂದು. ಪೇಪರ್ನಾಗೆ ಹಂಗೇ ಬರೀರಿ. ಊರೋರೆಲ್ಲ ಓದ್ಲಿ.”

ಬರೆಯಲೇ ಎಂದು ನಿಖಾತರನ್ನು ಕೇಳುತ್ತೇನೆ. ಅವರು ನೆಲ ನೋಡುತ್ತಾ, ಅಮ್ಮನವರೇ ಹೇಳಿದ ಮೇಲೆ ತಮ್ಮದೇನಿದೆ ಎನ್ನುತ್ತಾರೆ. ನಟರಾಜುಗೆ ತಾಯಿ ಸಂಕ್ರಾಂತಿಯಂದೇ ಹೇಳಿದ್ದಾರೆ. ಅವರು ಶೆಡ್ಡಿನ ಬಾಗಿಲಿಗೆ ಬಂದು, ನನ್ನನ್ನು ನೋಡಿ, ಒಳಗೆ ಬಾರದೆ ತೋಟದ ಕಡೆ ಹೋಗುತ್ತಾರೆ. ಬೇರೆ ಶೆಡ್ಡಿನವರಿಗೆಲ್ಲ ತಾವೇ ಫೋನ್ ಮಾಡಿ ತಿಳಿಸುವುದಾಗಿ ಹೇಳಿದ್ದರಂತೆ. ಮಾಡಿದ್ದಾರೋ ಇಲ್ಲವೋ ನನಗೆ ಗೊತ್ತಿಲ್ಲ. ನಿಖಾತರ ಫೋನ್ ಮಾತ್ರ ನಾನಿದ್ದಷ್ಟು ಹೊತ್ತು ಒಮ್ಮೆಯೂ ರಿಂಗಾಗಲಿಲ್ಲ.

ಟೇಬಲ್ಲಿನ ಮೇಲೆ ಒಂದು ಹಳೇ ಸೀರೆ ಹರಡಿದೆ. ಕಾವೇರಮ್ಮನವರದು, ಚಂದ್ರಿಕೆ ಅಂಚಿನದು, ಮನೆಯಲ್ಲಿ ಉಳಿದಿರುವುದು ಅದೊಂದೇ. ಉಳಿದವೆಲ್ಲ ಮಾರಾಟವಾಗಿ ಯಾರ್ಯಾರದೋ ಮನೆ ಸೇರಿವೆ. ನಿಖಾತ್ ಭೂತಗನ್ನಡಿ ಹಿಡಿದು ಅಂಚಿನ ಎಳೆ ಎಣಿಸುತ್ತಾ ಲ್ಯಾಪ್‌ಟಾಪಿನಲ್ಲಿ ಚೌಕ ತುಂಬುತ್ತಾರೆ. ಒಂದು ಗೇಣು ಅಂಚು ಮುಗಿಯುವುದಕ್ಕೆ ವಾರಗಟ್ಟಲೆ ಹಿಡಿಯುತ್ತದೆ. ಕಣ್ಣು ಉರಿಯುತ್ತದೆ, ತಪ್ಪಿದರೆ ಮೊದಲಿಂದ ಎಣಿಸಬೇಕು. ಇದಕ್ಕೆ ಯಾರೂ ಸಂಬಳ ಕೊಡುತ್ತಿಲ್ಲ.

ನಿಮಗೇನು ಆಗಬೇಕು ಎಂದು ಹೊರಡುವ ಮುಂಚೆ ಕೇಳುತ್ತೇನೆ. ಹೋದ ಹೆಸರು ವಾಪಸ್ ಬರಬೇಕು ಎನ್ನುತ್ತಾರೇನೋ ಎಂದುಕೊಂಡಿದ್ದೆ.

“ನಿಮ್ ಪೇಪರ್ ಓದೋರ ಬೀರುನಲ್ಲಿ ಕೂಟಗಲ್ ಸೀರೆ ಇದ್ರೆ ಒಂದ್ ಫೋಟೋ ತೆಗ್ದು ಕಳ್ಸಿ ಅಂತ ಬರೀರಿ ಸಾರ್. ಅಂಚು, ಸೆರಗು ಒಸಿ ಹತ್ರದಿಂದ. ಸೀರೆ ಬೇಡ, ಫೋಟೋ ಸಾಕು. ಎಣಿಸ್ಕೊಂಡು ಬರೀತೀನಿ.”

ಬರೆದು ಒಳಗೆ ಕಳಿಸಿದ ಮೇಲೆ ಈ ಸಲವಾದರೂ ಒಂದು ಕಾಪಿ ನಿಮ್ಮ ಹತ್ತಿರ ಇಟ್ಟುಕೊಳ್ಳುತ್ತೀರಾ ಎನ್ನುತ್ತೇನೆ. ಕಾವೇರಮ್ಮ ಖಾಲಿ ಲೋಟ ಎತ್ತಿಕೊಂಡು ಅಂಗಳ ದಾಟುತ್ತಿದ್ದಾರೆ. ಅವರು ಮನೆಯೊಳಗೆ ಹೋಗುವವರೆಗೂ ನಿಖಾತ್ ಅತ್ತಲೇ ನೋಡುತ್ತಾರೆ.

“ಅಮ್ಮೋರು ಇಟ್ಕೋ ಅಂದ್ರೆ ಇಟ್ಕೋತೀನಿ ಸಾರ್. ಅನ್ನದೆ ಇಟ್ಕೊಳಲ್ಲ.”